ಓದಿದ ಪುಸ್ತಕಗಳಿಗೆ ಲೆಕ್ಕ ಇಟ್ಟ ಉಸ್ತಾದ್



ನಾನು ದ್ವಿತೀಯ ಪಿಯುಸಿ ಕಾಮರ್ಸ್ ವಿದ್ಯಾರ್ಥಿನಿ. ಅಕೌಂಟೆನ್ಸಿಯಲ್ಲಿ ನಮಗೆ ಮೊದಲು ಕಲಿಸುವ ಪಾಠ ಒಂದೇ: ವೋಚರ್ ಇಲ್ಲದೆ ಎಂಟ್ರಿ ಇಲ್ಲ. ಯಾವ ತಾರೀಖು, ಯಾರಿಂದ ಬಂತು, ಎಷ್ಟು ಬಂತು, ಯಾವ ಬಾಬ್ತು ಎಂದು ಬರೆಯಬೇಕು. ಪ್ರತಿ ಜರ್ನಲ್ ಎಂಟ್ರಿಯ ಕೆಳಗೆ ನರೇಷನ್ ಇರಬೇಕು. ಇದು ಹಣಕಾಸಿಗೆ ಮಾತ್ರ ಸಂಬಂಧಪಟ್ಟ ವಿಷಯ ಎಂದು ನಮ್ಮಲ್ಲಿ ಬಹಳ ಜನ ತಿಳಿದುಕೊಂಡಿದ್ದಾರೆ. ಆದರೆ ಸುಮಾರು 600 ವರ್ಷಗಳ ಹಿಂದೆ ಈಜಿಪ್ಟಿನ ಕೈರೋ ನಗರದಲ್ಲಿ ಒಬ್ಬ ಉಸ್ತಾದರು ಇದ್ದರು. ಅವರು ತಾವು ಓದಿದ ಪುಸ್ತಕಗಳಿಗೆ ಇದೇ ರೀತಿ ಲೆಕ್ಕ ಇಟ್ಟಿದ್ದರು. ಅವರೇ ಹಾಫಿಝ್ ಇಬ್ನ್ ಹಜರ್ ಅಸ್ಕಲಾನಿ, ರಹ್ಮತುಲ್ಲಾಹಿ ಅಲೈಹಿ.

ಮದ್ರಸಾಗಳಲ್ಲಿ ಓದಿದವರಿಗೆ ಅವರ ಹೆಸರು ಹೊಸದಲ್ಲ. ಅವರ ಬುಲೂಗುಲ್ ಮರಾಮ್ ಎಂಬ ಹದೀಸ್ ಸಂಗ್ರಹ ಇಂದಿಗೂ ಪಾಠದಲ್ಲಿದೆ. ಸಹೀಹ್ ಬುಖಾರಿಗೆ ಅವರು ಬರೆದ ಫತ್‌ಹುಲ್ ಬಾರಿ ಎಂಬ ವಿವರಣೆಯನ್ನು ಆಲಿಮ್‌ಗಳು ಬಹಳ ಗೌರವದಿಂದ ನೆನೆಯುತ್ತಾರೆ. ಆದರೆ ಕಾಲೇಜಿನಲ್ಲಿ ಓದುವ ನಮ್ಮಂಥವರಿಗೆ ಅವರ ಜೀವನದ ಪರಿಚಯ ಕಡಿಮೆ. ನಮ್ಮ ಮನೆಮಾತು ಉರ್ದು. ಮನೆಯಲ್ಲಿ ಉರ್ದುವಿನಲ್ಲಿ ಓದಿ, ಕೇಳಿ ತಿಳಿದದ್ದನ್ನು ಎಲ್ಲ ಗೆಳತಿ ಗೆಳೆಯರಿಗೂ ತಿಳಿಯಲಿ ಎಂದು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅನಾಥ ಬಾಲಕ, ವ್ಯಾಪಾರಿ ಪೋಷಕ

ಇಬ್ನ್ ಹಜರ್ ಹುಟ್ಟಿದ್ದು 1372ರಲ್ಲಿ, ಹಿಜರಿ 773ರ ಶಾಬಾನ್ ತಿಂಗಳಲ್ಲಿ. ಅವರ ಹೆಸರು ಅಹ್ಮದ್. ತಂದೆಯ ಹೆಸರು ಅಲಿ. ಹಜರ್ ಎಂದರೆ ಕಲ್ಲು. ಅದು ಮನೆತನದ ಹಿರಿಯರಿಂದ ಬಂದ ಅಡ್ಡಹೆಸರು. ಪೂರ್ವಿಕರು ಪ್ಯಾಲೆಸ್ತೀನಿನ ಕರಾವಳಿಯ ಅಸ್ಕಲಾನ್ ಊರಿನವರಾದ್ದರಿಂದ ಅಸ್ಕಲಾನಿ ಎಂಬುದು ಸೇರಿಕೊಂಡಿತು.

ತಾಯಿ ಮಗು ಚಿಕ್ಕದಿರುವಾಗಲೇ ತೀರಿಕೊಂಡರು. ತಂದೆ ಕವಿ, ವಿದ್ವಾಂಸ ಮತ್ತು ವ್ಯಾಪಾರಿ. ಮಗನಿಗೆ ನಾಲ್ಕು ವರ್ಷ ತುಂಬಿರಲಿಲ್ಲ, ಅವರೂ ತೀರಿಕೊಂಡರು. ಉಳಿದವಳು ಅಕ್ಕ ಒಬ್ಬಳು. ಅವಳ ಹೆಸರು ಸಿತ್ತುರ್ರಕ್ಬ್. ಹಜ್ಜಿಗೆ ಹೋಗುವ ದಾರಿಯಲ್ಲಿ ಹುಟ್ಟಿದ್ದರಿಂದ ಆ ಹೆಸರು ಎನ್ನುತ್ತಾರೆ. ಓದು ಬರಹ ಬಲ್ಲವಳು, ಬುದ್ಧಿವಂತೆ. ತಾಯಿ ಹೋದ ಮೇಲೆ ಅವಳೇ ತನಗೆ ತಾಯಿಯಾದಳು ಎಂದು ಇಬ್ನ್ ಹಜರ್ ಮುಂದೆ ದೊಡ್ಡ ವಿದ್ವಾಂಸರಾದಾಗಲೂ ನೆನೆದಿದ್ದಾರೆ. ನನಗೆ ಕನ್ನಡ ಅಕ್ಷರ ಬರೆಸಿದ್ದು ಶಾಲೆಗಿಂತ ಮೊದಲು ನನ್ನ ಆಪಾ. ಆದ್ದರಿಂದ ಈ ಮಾತು ನನಗೆ ಬಹಳ ಹತ್ತಿರವಾಯಿತು.

ತಂದೆ ಸಾಯುವ ಮೊದಲು ಮಗನನ್ನು ಝಕಿಯುದ್ದೀನ್ ಖರ್ರೂಬಿ ಎಂಬ ದೊಡ್ಡ ವ್ಯಾಪಾರಿಯ ಕೈಗೆ ಒಪ್ಪಿಸಿದ್ದರು. ಕಾಮರ್ಸ್‌ನವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಖರ್ರೂಬಿ ಅವರು ಕಾರಿಮಿ ವ್ಯಾಪಾರಿಗಳ ಮುಖಂಡರು. ಭಾರತದ ಮಲಬಾರ್ ಕರಾವಳಿಯ ಕರಿಮೆಣಸು ಮತ್ತು ಇತರ ಮಸಾಲೆಗಳು ಏಡನ್ ಬಂದರಿಗೆ ಬಂದು, ಅಲ್ಲಿಂದ ಕೆಂಪು ಸಮುದ್ರದ ಮೂಲಕ ಈಜಿಪ್ಟಿಗೆ, ಅಲ್ಲಿಂದ ಯುರೋಪಿಗೆ ಹೋಗುತ್ತಿದ್ದವು. ಏಡನ್ನಿನಿಂದ ಈಜಿಪ್ಟಿನವರೆಗಿನ ಈ ವ್ಯಾಪಾರ ನಡೆಸುತ್ತಿದ್ದವರೇ ಕಾರಿಮಿಗಳು. ಇಬ್ನ್ ಹಜರ್ ಅವರ ತಂದೆಯ ಮನೆತನಕ್ಕೂ ತಾಯಿಯ ಮನೆತನಕ್ಕೂ ವ್ಯಾಪಾರದ ನಂಟಿತ್ತು. ಅಂದರೆ ಸರಕು, ದಾಸ್ತಾನು, ಲೆಕ್ಕಪುಸ್ತಕ ಇವುಗಳ ನಡುವೆಯೇ ಬೆಳೆದ ಹುಡುಗ ಅವರು.

ಐದನೇ ವಯಸ್ಸಿಗೆ ಮಕ್ತಬಕ್ಕೆ ಸೇರಿದರು. ಒಂಬತ್ತಕ್ಕೆ ಕುರ್‌ಆನ್ ಹಿಫ್ಝ್ ಮುಗಿಯಿತು. ಖರ್ರೂಬಿ ಅವರು ಬಾಲಕನನ್ನು ಮಕ್ಕಾಕ್ಕೆ ಕರೆದುಕೊಂಡು ಹೋದರು. ಅಲ್ಲಿ 12ನೇ ವಯಸ್ಸಿನಲ್ಲಿ ಮಸ್ಜಿದುಲ್ ಹರಾಮ್‌ನಲ್ಲಿ ತರಾವೀಹ್ ನಮಾಝಿಗೆ ಇಮಾಮತ್ ಮಾಡಿದರು. ಸಹೀಹ್ ಬುಖಾರಿಯನ್ನು ಒಬ್ಬ ಉಸ್ತಾದರ ಮುಂದೆ ಕುಳಿತು ಕೇಳಿದ್ದೂ ಅಲ್ಲಿಯೇ.

ಹದಿನೇಳನೇ ವಯಸ್ಸು

1385ರಲ್ಲಿ ಖರ್ರೂಬಿ ತೀರಿಕೊಂಡರು. ಬಾಲಕ ಮತ್ತೊಮ್ಮೆ ಅನಾಥನಾದ. ಇದಾದ ಮೇಲೆ ಕೆಲವು ವರ್ಷ ಓದು ಸಡಿಲವಾಯಿತು. ಬೆನ್ನು ತಟ್ಟುವವರೂ ಇರಲಿಲ್ಲ, ಗದರಿಸುವವರೂ ಇರಲಿಲ್ಲ. ಮತ್ತೆ ಗಂಭೀರವಾಗಿ ಪುಸ್ತಕ ಹಿಡಿದದ್ದು 17ನೇ ವಯಸ್ಸಿನಲ್ಲಿ. ಅವರ ಶಿಷ್ಯ ಇಮಾಮ್ ಸಖಾವಿ ತಮ್ಮ ಗುರುವಿನ ದೊಡ್ಡ ಜೀವನಚರಿತ್ರೆ ಬರೆದಿದ್ದಾರೆ. ಆ ಸಡಿಲ ವರ್ಷಗಳನ್ನೂ ಅವರು ಮುಚ್ಚಿಡದೆ ಬರೆದಿದ್ದಾರೆ. ನಮ್ಮ ಕಾಲೇಜಿನಲ್ಲಿ ಹೆಚ್ಚಿನವರಿಗೆ ಈಗ 16, 17 ವರ್ಷ. ಎಸ್ಸೆಸ್ಸೆಲ್ಸಿಯಲ್ಲಿ ಹಿಂದೆ ಬಿದ್ದವರು, ಮನೆಯ ತೊಂದರೆಯಿಂದ ಒಂದು ವರ್ಷ ಬಿಟ್ಟು ಸೇರಿದವರು ನಮ್ಮ ತರಗತಿಗಳಲ್ಲೂ ಇದ್ದಾರೆ. ಅವರು ಈ ಭಾಗವನ್ನು ಎರಡು ಸಲ ಓದಲಿ.

ಮೊದಲು ಅವರಿಗೆ ಇತಿಹಾಸ ಇಷ್ಟವಾಯಿತು, ಆಮೇಲೆ ಕವಿತೆ. ಇಪ್ಪತ್ತು ದಾಟಿದ ಮೇಲೆ ಮನಸ್ಸು ಹದೀಸ್ ವಿದ್ಯೆಯ ಕಡೆಗೆ ಪೂರ್ತಿ ತಿರುಗಿತು. ಕೈರೋದಲ್ಲಿ ಆಗ ಮೂವರು ದೊಡ್ಡ ಗುರುಗಳಿದ್ದರು: ಝೈನುದ್ದೀನ್ ಇರಾಕಿ, ಸಿರಾಜುದ್ದೀನ್ ಬುಲ್ಕೀನಿ ಮತ್ತು ಇಬ್ನುಲ್ ಮುಲಕ್ಕಿನ್. ಮೂವರ ಬಳಿಯೂ ಅವರು ಕಲಿತರು. ಇರಾಕಿ ಅವರ ಜೊತೆ ಮಾತ್ರ ಹತ್ತು ವರ್ಷ ಬಿಡದೆ ಇದ್ದರು.

ಕೇಳುವುದು, ಓದುವುದು, ಅನುಮತಿ

ಆ ಕಾಲದ ಓದು ನಮ್ಮ ಓದಿನಂತೆ ಇರಲಿಲ್ಲ. ಅಚ್ಚು ಯಂತ್ರ ಇಲ್ಲ. ಪುಸ್ತಕವನ್ನು ಕೈಯಿಂದ ನಕಲು ಮಾಡಬೇಕು. ನಕಲಿನಲ್ಲಿ ಒಂದು ಚುಕ್ಕೆ ಬಿಟ್ಟರೂ ಅರಬಿಯಲ್ಲಿ ಪದವೇ ಬದಲಾಗುತ್ತದೆ. ಹಾಗಾಗಿ ಪುಸ್ತಕ ಕೈಯಲ್ಲಿದ್ದರೆ ಸಾಲದು. ಅದನ್ನು ಗುರುವಿನ ಮುಂದೆ ಓದಿ ಒಪ್ಪಿಸಬೇಕು, ಇಲ್ಲವೆ ಬೇರೆಯವರು ಓದುವಾಗ ಕುಳಿತು ಕೇಳಬೇಕು. ಆ ಗುರು ತನ್ನ ಗುರುವಿನಿಂದ, ಅವರು ಅವರ ಗುರುವಿನಿಂದ ಕೇಳಿರಬೇಕು. ಹೀಗೆ ಸರಪಳಿ ಪುಸ್ತಕ ಬರೆದವರ ತನಕ ಮುಟ್ಟಬೇಕು. ಇದಕ್ಕೆ ಸನದ್ ಎನ್ನುತ್ತಾರೆ.

ಕೆಲವೊಮ್ಮೆ ಗುರುವಿನ ಮುಂದೆ ಕುಳಿತು ಕೇಳಲು ಆಗುವುದಿಲ್ಲ. ಆಗ ಗುರು ತನ್ನ ಪುಸ್ತಕವನ್ನು ಮುಂದಕ್ಕೆ ಹೇಳಲು ಬಾಯಿಮಾತಿನಲ್ಲಿ ಅಥವಾ ಪತ್ರದ ಮೂಲಕ ಅನುಮತಿ ಕೊಡುತ್ತಿದ್ದರು. ಇದೇ ಇಜಾಝತ್. ಪೂರ್ತಿ ಓದಿದ್ದು ಬೇರೆ, ಅರ್ಧ ಕೇಳಿದ್ದು ಬೇರೆ, ಬರೀ ಇಜಾಝತ್ ಪಡೆದದ್ದು ಬೇರೆ. ಮೂರೂ ಒಂದೇ ಅಲ್ಲ ಎಂಬುದು ಆ ಕಾಲದ ನಿಯಮ. ಪಾಠಕ್ಕೆ ಕರೆತಂದ ಮಗುವಿಗೆ ಐದು ವರ್ಷ ಆಗದಿದ್ದರೆ ಕೇಳಿದ ಎಂದು ಬರೆಯುತ್ತಿರಲಿಲ್ಲ, ಹಾಜರಿದ್ದ ಎಂದಷ್ಟೇ ಬರೆಯುತ್ತಿದ್ದರು. ನಮ್ಮ ಹಾಜರಿ ಪುಸ್ತಕದಲ್ಲಿಯೂ ಇಂಥ ಎರಡು ಕಾಲಂ ಇದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ ನನಗೆ ನಗು ಬಂತು.

ಯಮನ್, ಹಡಗು, ದಮಾಸ್ಕಸ್

ಗುರುಗಳನ್ನು ಹುಡುಕಿಕೊಂಡು ಇಬ್ನ್ ಹಜರ್ ಊರೂರು ತಿರುಗಿದರು. 1400ರ ಆಸುಪಾಸಿನಲ್ಲಿ ಯಮನ್‌ಗೆ ಹೋದರು. ಅಲ್ಲಿನ ಝಬೀದ್ ನಗರದಲ್ಲಿ ಅಲ್ ಕಾಮೂಸ್ ಎಂಬ ಪ್ರಸಿದ್ಧ ಅರಬಿ ನಿಘಂಟಿನ ಕರ್ತೃ ಫೈರೂಝಾಬಾದಿ ಅವರನ್ನು ಕಂಡು ಅವರಿಂದ ಕಲಿತರು. ಕೆಲವು ವರ್ಷಗಳ ನಂತರ ಎರಡನೇ ಸಲ ಯಮನ್ ಕಡೆಗೆ ಹೊರಟಾಗ ಹಡಗು ಒಡೆಯಿತು. ಸರಕು, ಹಣ, ಪುಸ್ತಕ ಎಲ್ಲವೂ ನೀರಿಗೆ ಬಿದ್ದವು. ಆ ಪುಸ್ತಕಗಳಲ್ಲಿ ಅವರು ತಮ್ಮ ಕೈಯಿಂದಲೇ ಬರೆದವೂ ಇದ್ದವು.  ಸರಕು ಮತ್ತೆ ಕೊಳ್ಳಬಹುದು. ಆದರೆ ಗುರುಗಳ ಮುಂದೆ ಕುಳಿತು ಬರೆದುಕೊಂಡ ಪುಟ ಹೋದರೆ ಮತ್ತೆ ಎಲ್ಲಿಂದ ತರುವುದು?

ಅವರ ಗುರು ಇಬ್ನುಲ್ ಮುಲಕ್ಕಿನ್ ಅವರಿಗೂ ಇಂಥದ್ದೇ ಆಗಿತ್ತು. ಇಳಿವಯಸ್ಸಿನಲ್ಲಿ ಅವರ ಪುಸ್ತಕ ಸಂಗ್ರಹಕ್ಕೆ ಬೆಂಕಿ ಬಿತ್ತು. ಆ ಆಘಾತದಿಂದ ಅವರ ಮನಸ್ಸು ಮೊದಲಿನಂತೆ ಉಳಿಯಲಿಲ್ಲ. ಪುಸ್ತಕ ಎಂದರೆ ಎಷ್ಟು ಬೇಗ ಇಲ್ಲವಾಗುವ ವಸ್ತು ಎಂಬುದನ್ನು ಇಬ್ನ್ ಹಜರ್ ಹೀಗೆ ಹತ್ತಿರದಿಂದ ನೋಡಿದ್ದರು.

ದಮಾಸ್ಕಸ್ ಪ್ರಯಾಣ ಅವರ ಜೀವನದಲ್ಲಿ ಬಹಳ ಮುಖ್ಯವಾದದ್ದು. 1400ರ ರಮಝಾನ್‌ನಲ್ಲಿ ಅಲ್ಲಿಗೆ ಹೋದರು. ಇದ್ದದ್ದು ಸುಮಾರು 100 ದಿನ. ಅಷ್ಟರಲ್ಲಿ ಕೇಳಿ ಓದಿದ ಹದೀಸ್ ಕಿರುಪುಸ್ತಕಗಳು ಸುಮಾರು ಸಾವಿರ. ಇವುಗಳಿಗೆ ಜುಝ್ ಎನ್ನುತ್ತಾರೆ, ಒಂದೊಂದೂ ಕೆಲವು ಹಾಳೆಗಳದ್ದು. ಇಮಾಮ್ ತಬ್ರಾನಿಯವರ ಅಲ್ ಮುಅ್‌ಜಮುಸ್ಸಗೀರ್ ಎಂಬ ಗ್ರಂಥವನ್ನು ಝುಹರ್ ಮತ್ತು ಅಸರ್ ನಮಾಝಿನ ನಡುವೆ ಒಂದೇ ಕೂತಲ್ಲಿ ಓದಿ ಮುಗಿಸಿದರಂತೆ. ಇದರ ಜೊತೆಗೆ ನಕಲು ಮಾಡಿಕೊಳ್ಳುವ ಕೆಲಸವೂ ನಡೆಯುತ್ತಿತ್ತು.

ಅಲ್ಲಿ ಅವರಿಗೆ ಕಲಿಸಿದವರಲ್ಲಿ ಮಹಿಳೆಯರೂ ಇದ್ದರು ಎಂಬುದನ್ನು ನಾನು ವಿಶೇಷವಾಗಿ ಹೇಳಬೇಕು. ಒಬ್ಬರು ಫಾತಿಮಾ ಬಿಂತ್ ಅಲ್ ಮುನಜ್ಜಾ, ಆಗ ತೊಂಬತ್ತರ ಹತ್ತಿರದ ಅಜ್ಜಿ. ಇನ್ನೊಬ್ಬರು ಆಯಿಶಾ ಬಿಂತ್ ಅಬ್ದುಲ್ ಹಾದಿ. ಆಯಿಶಾ ಅವರು ಚಿಕ್ಕ ಮಗುವಾಗಿದ್ದಾಗ ಹಜ್ಜಾರ್ ಎಂಬ ಬಹಳ ವಯಸ್ಸಾದ ಗುರುವಿನಿಂದ ಸಹೀಹ್ ಬುಖಾರಿ ಕೇಳಿದ್ದರು. ಇಬ್ನ್ ಹಜರ್ ಇಂಥ ಹಿರಿಯ ಮಹಿಳೆಯರ ಮುಂದೆ ಶಿಷ್ಯನಾಗಿ ಕುಳಿತು ಪುಸ್ತಕದ ಮೇಲೆ ಪುಸ್ತಕ ಓದಿ ಒಪ್ಪಿಸಿದರು.

ಅವರು ದಮಾಸ್ಕಸ್ ಬಿಟ್ಟು ಕೆಲವೇ ತಿಂಗಳಿಗೆ, 1401ರ ಆರಂಭದಲ್ಲಿ, ತೈಮೂರನ ಸೈನ್ಯ ಆ ನಗರವನ್ನು ಹಿಡಿದು ಸುಟ್ಟು ಹಾಕಿತು. ಫಾತಿಮಾ ಅಜ್ಜಿಯೂ ಅದೇ ಹಿಜರಿ ವರ್ಷದಲ್ಲಿ ತೀರಿಕೊಂಡರು. ಒಂದು ವರ್ಷ ತಡ ಮಾಡಿದ್ದರೆ ಆ 100 ದಿನಗಳ ಓದು ಯಾರಿಗೂ ಸಿಗುತ್ತಿರಲಿಲ್ಲ. ಗುರುಗಳು ಹೋದರು, ನಗರ ಸುಟ್ಟಿತು, ಆದರೆ ಯಾರಿಂದ ಏನು ಕೇಳಿದೆ ಎಂಬ ಟಿಪ್ಪಣಿ ಒಬ್ಬ ಶಿಷ್ಯನ ಜೊತೆ ಕೈರೋ ಸೇರಿತ್ತು.

ಎರಡು ಲೆಕ್ಕಪುಸ್ತಕಗಳು

ಈ ಟಿಪ್ಪಣಿಗಳನ್ನೆಲ್ಲ ಇಬ್ನ್ ಹಜರ್ ಮುಂದೆ ಎರಡು ಗ್ರಂಥಗಳಲ್ಲಿ ಜೋಡಿಸಿದರು. ಒಂದರ ಹೆಸರು ಅಲ್ ಮಜ್ಮಉಲ್ ಮುಅಸ್ಸಸ್. ಇದರಲ್ಲಿ ಗುರುಗಳ ಹೆಸರಿನ ಪ್ರಕಾರ ದಾಖಲೆ ಇದೆ: ಈ ಗುರು ಯಾರು, ಅವರಿಂದ ನಾನು ಏನೇನು ಪಡೆದೆ. ಇನ್ನೊಂದರ ಹೆಸರು ಅಲ್ ಮುಅ್‌ಜಮುಲ್ ಮುಫಹ್ರಸ್. ಇದರಲ್ಲಿ ಪುಸ್ತಕಗಳ ಪ್ರಕಾರ ದಾಖಲೆ: ಈ ಪುಸ್ತಕ ನನಗೆ ಯಾರಿಂದ, ಹೇಗೆ ಬಂತು, ಅವರಿಗೆ ಯಾರಿಂದ ಬಂತು. ಸಾವಿರಕ್ಕೂ ಹೆಚ್ಚು ಗ್ರಂಥ ಮತ್ತು ಕಿರುಪುಸ್ತಕಗಳ ಹೆಸರು ಇದರಲ್ಲಿವೆ.

ಕಾಮರ್ಸ್ ಓದುವವರಿಗೆ ಇದು ಬೇಗ ಅರ್ಥವಾಗುತ್ತದೆ. ಮೊದಲನೆಯದು ವ್ಯಕ್ತಿಗಳ ಖಾತೆ, ಅಂದರೆ ಪರ್ಸನಲ್ ಅಕೌಂಟ್. ಎರಡನೆಯದು ವಸ್ತುಗಳ ಖಾತೆ, ಅಂದರೆ ರಿಯಲ್ ಅಕೌಂಟ್. ಎರಡನ್ನೂ ತಾಳೆ ನೋಡಬಹುದು. ಗುರುವಿನ ಖಾತೆಯಲ್ಲಿ ಇದ್ದದ್ದು ಪುಸ್ತಕದ ಖಾತೆಯಲ್ಲೂ ಇರಬೇಕು.

ನನ್ನ ಮನಸ್ಸಿಗೆ ಹೆಚ್ಚು ನಾಟಿದ್ದು ಪುಸ್ತಕಗಳ ಸಂಖ್ಯೆಯಲ್ಲ. ಈ ದಾಖಲೆಯ ಪ್ರಾಮಾಣಿಕತೆ. ಪೂರ್ತಿ ಓದಿದ್ದರೆ ಪೂರ್ತಿ ಓದಿದೆ ಎಂದು ಬರೆದಿದ್ದಾರೆ. ನಡುವೆ ಒಂದು ಭಾಗ ತಪ್ಪಿಹೋಗಿದ್ದರೆ ಆ ಭಾಗ ಬಿಟ್ಟು ಉಳಿದದ್ದು ಎಂದು ಬರೆದಿದ್ದಾರೆ. ಬರೀ ಇಜಾಝತ್ ಸಿಕ್ಕಿದ್ದರೆ ಅದನ್ನು ಓದಿದ್ದು ಎಂದು ತೋರಿಸಿಲ್ಲ. ಅಷ್ಟು ದೊಡ್ಡ ವಿದ್ವಾಂಸರು ಎಲ್ಲವನ್ನೂ ಓದಿದೆ ಎಂದು ಬರೆದಿದ್ದರೂ ಪರೀಕ್ಷಿಸಲು ಯಾರು ಹೋಗುತ್ತಿದ್ದರು? ಆದರೆ ಅವರು ಕಲಿಸುವವರು. ಅವರು ಬರೆದ ಒಂದು ಸಾಲು ಸುಳ್ಳಾದರೆ ಅವರ ಕೈಕೆಳಗೆ ಕಲಿತ ಎಲ್ಲರ ಸನದ್‌ನಲ್ಲಿ ಆ ಸುಳ್ಳು ಮುಂದುವರಿಯುತ್ತದೆ. ಒಂದು ತಪ್ಪು ಓಪನಿಂಗ್ ಬ್ಯಾಲೆನ್ಸ್ ಮುಂದಿನ ಎಲ್ಲ ವರ್ಷಗಳ ಲೆಕ್ಕ ಕೆಡಿಸಿದ ಹಾಗೆ.

ಈ ಸರಪಳಿಯ ಬಲ ಎಷ್ಟು ಎಂಬುದಕ್ಕೆ ಒಂದು ಉದಾಹರಣೆ. ಇಮಾಮ್ ಬುಖಾರಿ ತೀರಿಕೊಂಡದ್ದು 870ರಲ್ಲಿ. ಇಬ್ನ್ ಹಜರ್ ಹುಟ್ಟಿದ್ದು 1372ರಲ್ಲಿ. ನಡುವೆ 500 ವರ್ಷ. ಆದರೆ ಮೇಲೆ ಹೇಳಿದ ಹಜ್ಜಾರ್ ಅವರಿಂದ ಬುಖಾರಿ ಕೇಳಿದ ಗುರುಗಳ ಮೂಲಕ ಹೋದರೆ, ಇಬ್ನ್ ಹಜರ್ ಮತ್ತು ಇಮಾಮ್ ಬುಖಾರಿ ನಡುವೆ ಇರುವವರು ಏಳು ಜನ ಮಾತ್ರ. ವಯಸ್ಸಾದ ಗುರುಗಳ ಮುಂದೆ ಎಳೆಯ ಮಕ್ಕಳನ್ನು ಕೂರಿಸಿದ್ದರಿಂದ, ಆ ಮಕ್ಕಳು ಮುದುಕರಾಗುವ ತನಕ ಬಾಳಿ ಮುಂದಿನ ಮಕ್ಕಳಿಗೆ ಹೇಳಿದ್ದರಿಂದ, 500 ವರ್ಷ ಏಳು ಹೆಜ್ಜೆಯಾಯಿತು. ಅದನ್ನು ಸರಿಯಾಗಿ ಬರೆದಿಟ್ಟದ್ದರಿಂದ ಅದು ನಂಬಿಕೆಗೆ ಅರ್ಹವಾಯಿತು.

ಮನೆಯಲ್ಲೂ ಮದ್ರಸ

ಇಬ್ನ್ ಹಜರ್ ಅವರ ಹೆಂಡತಿ ಉನ್ಸ್ ಖಾತೂನ್, ಒಬ್ಬ ದೊಡ್ಡ ಅಧಿಕಾರಿಯ ಮಗಳು. ಹೆಂಡತಿಗೂ ಹಿರಿಯ ಉಸ್ತಾದರಿಂದ ಪಾಠ ಮತ್ತು ಇಜಾಝತ್ ಕೊಡಿಸಿದರು. ಆಮೇಲೆ ಅವರೇ ಹದೀಸ್ ಕಲಿಸುವವರಾದರು. ಗಂಡ ಇರುವಾಗಲೇ ವಿದ್ಯಾರ್ಥಿಗಳು ಅವರ ಮುಂದೆ ಓದುತ್ತಿದ್ದರು. ಬುಖಾರಿ ಓದಿ ಮುಗಿಸಿದ ದಿನ ಅವರು ಎಲ್ಲರಿಗೂ ಸಿಹಿ ಮತ್ತು ಹಣ್ಣು ಹಂಚುತ್ತಿದ್ದರಂತೆ. ಹೆಣ್ಣುಮಕ್ಕಳನ್ನೂ ಇಬ್ನ್ ಹಜರ್ ಚಿಕ್ಕಂದಿನಲ್ಲೇ ಗುರುಗಳ ಬಳಿ ಕರೆದುಕೊಂಡು ಹೋದರು. ಹಿರಿಯ ಮಗಳು ಝೈನ್ ಖಾತೂನ್ ಎಳೆಯ ಮಗುವಾಗಿದ್ದಾಗಲೇ ಇರಾಕಿ ಅವರ ಪಾಠದಲ್ಲಿ ಹಾಜರಿದ್ದಳು.

ಆದರೆ ಈ ಮನೆಗೆ ದುಃಖ ತಪ್ಪಲಿಲ್ಲ. ಆ ಕಾಲದಲ್ಲಿ ಕೈರೋಗೆ ಪ್ಲೇಗ್ ಮತ್ತೆ ಮತ್ತೆ ಬರುತ್ತಿತ್ತು. ಇಬ್ಬರು ಹೆಣ್ಣುಮಕ್ಕಳು ಹಿಜರಿ 819ರ ಪ್ಲೇಗ್‌ನಲ್ಲಿ ಹೋದರು. ಝೈನ್ ಖಾತೂನ್ 833ರ ಪ್ಲೇಗ್‌ನಲ್ಲಿ, ಗರ್ಭಿಣಿಯಾಗಿದ್ದಾಗ ತೀರಿಕೊಂಡಳು. ಪ್ಲೇಗ್ ಬಗ್ಗೆ ಅವರು ಬಝ್ಲುಲ್ ಮಾಊನ್ ಎಂಬ ಗ್ರಂಥವನ್ನೇ ಬರೆದರು. 833ರಲ್ಲಿ, ಅಂದರೆ 1430ರಲ್ಲಿ, ಜನರೆಲ್ಲ ಉಪವಾಸ ಮಾಡಿ ಊರ ಹೊರಗೆ ಒಟ್ಟಾಗಿ ಸೇರಿ ದುವಾ ಮಾಡಿದರು. ಅದಕ್ಕಿಂತ ಮೊದಲು ದಿನಕ್ಕೆ ಸಾಯುತ್ತಿದ್ದವರು 40ಕ್ಕಿಂತ ಕಡಿಮೆ, ಅದಾಗಿ ಒಂದು ತಿಂಗಳೊಳಗೆ ದಿನಕ್ಕೆ 1,000 ದಾಟಿತು ಎಂದು ಅವರು ಅಂಕಿ ಸಹಿತ ಬರೆದಿದ್ದಾರೆ. ಮಗಳನ್ನು ಕಳೆದುಕೊಂಡ ತಂದೆ, ದೀನಿನ ದೊಡ್ಡ ಆಲಿಮ್, ಆದರೂ ಕಂಡ ಅಂಕಿಯನ್ನು ಬದಲಿಸಲಿಲ್ಲ. ಕೊರೋನಾ ಸಮಯ ನೋಡಿದ ನಮಗೆ ಇದರ ಅರ್ಥ ಗೊತ್ತು.

ಪಾಠ ಮತ್ತು ಪುಸ್ತಕಾಲಯ

ಇಬ್ನ್ ಹಜರ್ ಜೀವನವಿಡೀ ಕಲಿಸಿದರು. ಬೈಬರ್ಸಿಯಾ ಖಾನ್‌ಕಾಹ್‌ನಲ್ಲಿ ಮಾತ್ರ 20 ವರ್ಷಕ್ಕೂ ಹೆಚ್ಚು ಇದ್ದರು. ನೆನಪಿನಿಂದ ಹದೀಸ್ ಹೇಳಿ ಬರೆಸುವ ಪಾಠಗಳನ್ನು ಸಾವಿರಕ್ಕೂ ಹೆಚ್ಚು ನಡೆಸಿದರು. ಫತ್‌ಹುಲ್ ಬಾರಿಯೂ ಪಾಠದ ಜೊತೆಯಲ್ಲೇ ಬೆಳೆದ ಗ್ರಂಥ. 1414ರ ಸುಮಾರಿಗೆ ಆರಂಭವಾಗಿ 1438ರ ಕೊನೆಯಲ್ಲಿ ಮುಗಿಯಿತು. ಬರೆದ ಭಾಗವನ್ನು ವಾರಕ್ಕೊಮ್ಮೆ ಶಿಷ್ಯರ ಮುಂದೆ ಓದಿಸಿ, ಚರ್ಚಿಸಿ, ತಿದ್ದುತ್ತಿದ್ದರು. ಮುಗಿದಾಗ ಕೈರೋದ ಹೊರಗೆ ದೊಡ್ಡ ದಾವತ್ ನಡೆಯಿತು. ಅದರ ಖರ್ಚು 500 ದೀನಾರ್ ಎಂದು ದಾಖಲಾಗಿದೆ. ಗ್ರಂಥ ಮುಗಿಯುವ ಮೊದಲೇ ದೂರದ ಹೆರಾತ್‌ನಿಂದ ತೈಮೂರನ ಮಗ ಶಾಹ್‌ರುಖ್ ಅದರ ಪ್ರತಿ ಕೇಳಿ ದೂತರನ್ನು ಕಳುಹಿಸಿದ್ದ. ತಂದೆಯ ಸೈನ್ಯ ದಮಾಸ್ಕಸ್ ಸುಟ್ಟಿತ್ತು. ಮಗ ಪುಸ್ತಕ ಬೇಡಿ ಪತ್ರ ಬರೆದ.

ಇನ್ನೊಂದು ಘಟನೆ ನಮ್ಮ ಲೈಬ್ರರಿಗೆ ಹೋಗುವವರೆಲ್ಲ ತಿಳಿಯಬೇಕಾದದ್ದು. ಕೈರೋದ ಮಹ್ಮೂದಿಯಾ ಮದ್ರಸದಲ್ಲಿ ಸುಮಾರು 4,000 ಸಂಪುಟಗಳ ಅಮೂಲ್ಯ ಪುಸ್ತಕಾಲಯ ಇತ್ತು. ಪುಸ್ತಕ ಹೊರಗೆ ಹೋಗಬಾರದು ಎಂಬುದು ವಕ್ಫ್‌ನ ಷರತ್ತು. ಹಿಜರಿ 826ರಲ್ಲಿ ಸ್ಟಾಕ್ ಪರೀಕ್ಷೆ ನಡೆದಾಗ ಹತ್ತರಲ್ಲಿ ಒಂದು ಪಾಲು ಪುಸ್ತಕ ಇರಲಿಲ್ಲ. ಆಗಿನ ಪುಸ್ತಕಪಾಲಕನನ್ನು ತೆಗೆದುಹಾಕಿ ಕಳೆದುಹೋದ ಪುಸ್ತಕಗಳ ಬೆಲೆ ವಸೂಲಿ ಮಾಡಿದರು. ಆ ಜಾಗಕ್ಕೆ ಇಬ್ನ್ ಹಜರ್ ಬಂದರು. ಅವರು ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಎರಡು ಪಟ್ಟಿ ತಯಾರಿಸಿದ್ದು. ಒಂದು ಹೆಸರಿನ ಅಕ್ಷರ ಕ್ರಮದಲ್ಲಿ, ಇನ್ನೊಂದು ವಿಷಯದ ಕ್ರಮದಲ್ಲಿ. ತಮ್ಮ ಓದಿಗೆ ಇಟ್ಟ ಲೆಕ್ಕದ ಶಿಸ್ತನ್ನೇ ಸಮುದಾಯದ ಆಸ್ತಿಗೂ ಇಟ್ಟರು.

ಕಲಬುರಗಿಯ ಒಂದು ಹೆಸರು

ಇಬ್ನ್ ಹಜರ್ ತಾವು ಹುಟ್ಟಿದ ವರ್ಷದಿಂದ ಆರಂಭಿಸಿ ವರ್ಷ ವರ್ಷದ ಘಟನೆ ಮತ್ತು ತೀರಿಕೊಂಡವರ ವಿವರಗಳನ್ನು ಇನ್‌ಬಾಉಲ್ ಗುಮ್ರ್ ಎಂಬ ಗ್ರಂಥದಲ್ಲಿ ದಾಖಲಿಸಿದ್ದಾರೆ. ಹಿಜರಿ 827, ಅಂದರೆ 1424ರಲ್ಲಿ ತೀರಿಕೊಂಡವರಲ್ಲಿ ಒಬ್ಬರು ಬದ್ರುದ್ದೀನ್ ದಮಾಮೀನಿ, ಈಜಿಪ್ಟಿನ ಅಲೆಕ್ಸಾಂಡ್ರಿಯಾದ ವ್ಯಾಕರಣ ಪಂಡಿತರು. ಇಬ್ನ್ ಹಜರ್‌ಗೆ ಪರಿಚಿತರು, ಸಹೀಹ್ ಬುಖಾರಿಗೆ ಇವರೂ ವಿವರಣೆ ಬರೆದವರು. ನೇಯ್ಗೆಯ ವ್ಯಾಪಾರಕ್ಕೆ ಕೈ ಹಾಕಿ, ಬೆಂಕಿಯಿಂದ ಎಲ್ಲ ಕಳೆದುಕೊಂಡು ಸಾಲಕ್ಕೆ ಸಿಕ್ಕಿಕೊಂಡರು. ಕೊನೆಗೆ ಯಮನ್ ಮೂಲಕ ಭಾರತಕ್ಕೆ ಬಂದು ಗುಜರಾತಿನಲ್ಲಿದ್ದು, ತೀರಿಕೊಂಡದ್ದು ಎಲ್ಲಿ ಗೊತ್ತೇ? ನಮ್ಮ ಕಲಬುರಗಿಯಲ್ಲಿ. ಆಗ ಅದು ಬಹಮನಿ ಸುಲ್ತಾನರ ನಗರ. ಹಜ್ರತ್ ಖ್ವಾಜಾ ಬಂದೇ ನವಾಝ್ ಅವರು ಅಲ್ಲಿ ವಫಾತ್ ಆಗಿ ಎರಡೇ ವರ್ಷವಾಗಿತ್ತು. ನೈಲ್ ನದಿಯ ದಡದ ಊರಿಗೂ ನಮ್ಮ ನಾಡಿಗೂ ಮೆಣಸಿನ ನಂಟು ಮಾತ್ರವಲ್ಲ, ಪುಸ್ತಕದ ನಂಟೂ ಇತ್ತು.

ಕೊನೆಯ ದಿನಗಳು

1423ರಲ್ಲಿ ಇಬ್ನ್ ಹಜರ್ ಅವರನ್ನು ಈಜಿಪ್ಟಿನ ಶಾಫಿಈ ಮುಖ್ಯ ಕಾಝಿಯಾಗಿ ನೇಮಿಸಿದರು. ಒಂದು ವರ್ಷದೊಳಗೆ ಆ ಹುದ್ದೆ ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು. ಹೀಗೆ ಬಿಟ್ಟು ಬಿಟ್ಟು ಸುಮಾರು 21 ವರ್ಷ ಆ ಹುದ್ದೆಯಲ್ಲಿದ್ದರು. ಅದನ್ನು ಒಪ್ಪಿಕೊಂಡದ್ದಕ್ಕೆ ಪಶ್ಚಾತ್ತಾಪವನ್ನೂ ಪಟ್ಟರು. ಅವರು ಬರೆದ ಕೃತಿಗಳು 270ಕ್ಕೂ ಹೆಚ್ಚು ಎಂದು ಸಖಾವಿ ಪಟ್ಟಿ ಮಾಡಿದ್ದಾರೆ. ಆದರೆ ಅವುಗಳಲ್ಲಿ ತಮಗೆ ತೃಪ್ತಿ ಕೊಟ್ಟವು ಬೆರಳೆಣಿಕೆಯಷ್ಟು ಎಂದು ಇಬ್ನ್ ಹಜರ್ ತಾವೇ ಹೇಳಿಕೊಂಡಿದ್ದರು. ತಮ್ಮ ಸ್ವಂತ ಕೃತಿಗಳ ಖಾತೆಯಲ್ಲೂ ಅವರು ಮೊತ್ತವನ್ನು ಹೆಚ್ಚು ತೋರಿಸಲಿಲ್ಲ.

1449ರ ಫೆಬ್ರವರಿಯಲ್ಲಿ ಕೈರೋದಲ್ಲಿ ಅವರು ವಫಾತ್ ಆದರು. ಜನಾಝಾಕ್ಕೆ ಸುಲ್ತಾನ್ ಜಕ್ಮಕ್ ಕೂಡ ಬಂದಿದ್ದ. ಕರಾಫಾ ಖಬರಸ್ಥಾನದಲ್ಲಿ ಅವರನ್ನು ದಫನ್ ಮಾಡಲಾಯಿತು.

ನಾವು ಮಾಡಬಹುದಾದದ್ದು

ಇಷ್ಟು ದೊಡ್ಡವರ ಜೀವನ ಓದಿ ನಾವು ಬರೀ ಸುಬ್‌ಹಾನಲ್ಲಾಹ್ ಎಂದು ಪುಟ ತಿರುಗಿಸಿದರೆ ಪ್ರಯೋಜನ ಇಲ್ಲ. ಒಂದೇ ಕೂತಲ್ಲಿ ದೊಡ್ಡ ಗ್ರಂಥ ಮುಗಿಸುವುದು ನಮ್ಮಿಂದ ಆಗದು. ಆದರೆ ಲೆಕ್ಕ ಇಡುವುದು ಆಗುತ್ತದೆ. 100 ಪುಟದ ಒಂದು ನೋಟ್‌ಬುಕ್ ಸಾಕು. ಅದರಲ್ಲಿ ಐದು ಕಾಲಂ ಎಳೆಯೋಣ: ಪುಸ್ತಕದ ಹೆಸರು, ಬರೆದವರು, ನನಗೆ ಅದನ್ನು ಕೊಟ್ಟವರು ಅಥವಾ ಕಲಿಸಿದವರು, ಎಷ್ಟು ಓದಿದೆ, ತಾರೀಖು.

ನಾಲ್ಕನೇ ಕಾಲಂ ಅನ್ನು ಸತ್ಯವಾಗಿ ತುಂಬುವುದು ಕಷ್ಟ. ಗೈಡ್ ಓದಿ ಪಾಠ ಓದಿದೆ ಎನ್ನುವುದು, ಮೊಬೈಲಿನಲ್ಲಿ ಸಾರಾಂಶ ಕೇಳಿ ಪುಸ್ತಕ ಮುಗಿಸಿದೆ ಎನ್ನುವುದು ಈಗ ಎಲ್ಲ ಕಡೆ ನಡೆಯುತ್ತಿದೆ. ಸಾರಾಂಶ ಕೇಳುವುದು ತಪ್ಪಲ್ಲ. ಹಾಗಿದ್ದರೆ ಸಾರಾಂಶ ಕೇಳಿದೆ ಎಂದು ಬರೆಯೋಣ. ಮೂರು ಅಧ್ಯಾಯ ಓದಿ ಬಿಟ್ಟಿದ್ದರೆ ಮೂರು ಅಧ್ಯಾಯ ಎಂದು ಬರೆಯೋಣ. ನಾಳೆ ನಮ್ಮಲ್ಲಿ ಎಷ್ಟೋ ಜನ ಶಿಕ್ಷಕರಾಗುತ್ತೇವೆ, ಲೆಕ್ಕ ಪರಿಶೋಧಕರಾಗುತ್ತೇವೆ, ತಂದೆ ತಾಯಿಯಾಗುತ್ತೇವೆ. ಆಗ ನಮ್ಮಿಂದ ಕೇಳುವವರು ನಮ್ಮನ್ನು ನಂಬಿ ಕೇಳುತ್ತಾರೆ.

ಮೂರನೇ ಕಾಲಂ ಅನ್ನೂ ಖಾಲಿ ಬಿಡಬೇಡಿ. ಪುಸ್ತಕ ಕೊಟ್ಟ ಲೈಬ್ರೇರಿಯನ್ ಮೇಡಂ, ಬಿಡಿಸಿ ಹೇಳಿದ ಸರ್, ಅಕ್ಷರ ಕಲಿಸಿದ ಅಕ್ಕ, ಕಥೆ ಹೇಳಿದ ದಾದಿಮಾ, ಇವರೆಲ್ಲರ ಹೆಸರು ಅಲ್ಲಿ ಬರಬೇಕು. ನನ್ನ ನೋಟ್‌ಬುಕ್ಕಿನ ಮೊದಲ ಸಾಲಿನ ಮೂರನೇ ಕಾಲಂನಲ್ಲಿ ಆಪಾ ಎಂದು ಬರೆದಿದ್ದೇನೆ. ನೀವು ಯಾರ ಹೆಸರು ಬರೆಯುತ್ತೀರಿ, ಇವತ್ತೇ ಯೋಚಿಸಿ.